ಕೀಲಿಕೈ ಯಾರ ಕಡೆ?

ವಿಜಯಪುರದ ಗಾಂಧಿ ಚೌಕದಿಂದ ಎರಡು ಓಣಿ ಒಳಗೆ ನನ್ನ ಝರಾಕ್ಸ್ ಅಂಗಡಿ. ಹತ್ತೊಂಬತ್ತು ವರ್ಷದಿಂದ ಜನರ ಕಾಗದ ನೋಡುತ್ತಾ ಕೂತಿದ್ದೇನೆ. ಕಳೆದ ತಿಂಗಳು ಈ ಅಂಕಣದಲ್ಲಿ "ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ" ಎಂದು ಒಂದು ಸಾಲು ಬರೆದಿದ್ದೆ. ಅಷ್ಟೇ ಸಾಕಾಯಿತು. "ಹಾಗಾದರೆ ಎಲ್ಲಿಡೋಣ, ಗೂಗಲ್‌ನಲ್ಲಾ? ಅಲ್ಲಿಟ್ಟರೆ ಯಾರೂ ನೋಡೋದಿಲ್ವಾ?" ಎಂದು ಕೇಳಿ ಬಂದ ಪತ್ರಗಳೇ ಈ ಸಲ ಜಾಸ್ತಿ. ಕನ್ನಡ ಟೈಪಿಂಗ್, ಕಲರ್ ಪ್ರಿಂಟರ್ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ತಂಗಿ, ನಾನು ನಿವೃತ್ತ ಮಾಸ್ತರ. ಮಗ ಬೆಂಗಳೂರಿನಲ್ಲಿದ್ದಾನೆ. ಮನೆಯ ಖರೀದಿ ಪತ್ರ, ಹೊಲದ ಉತಾರ, ಪೆನ್ಶನ್ ಕಾಗದ, ವಿಮೆ ಬಾಂಡು ಎಲ್ಲದರ ಫೋಟೋ ಹೊಡೆದು ಡ್ರೈವ್‌ಗೆ ಹಾಕು ಎನ್ನುತ್ತಾನೆ. ನಾನು ನಲವತ್ತು ವರ್ಷ ತಿಜೋರಿಯ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು ಓಡಾಡಿದವನು. ಊರು, ಹೆಸರು ಗೊತ್ತಿಲ್ಲದವರ ಮನೆಯಲ್ಲಿ ನನ್ನ ಕಾಗದ ಯಾಕೆ ಇಡಬೇಕು?
— ಓದುಗರು, ಮುಧೋಳ

ಉತ್ತರ: ಗುರುಗಳೇ, ನಿಮ್ಮ ಪ್ರಶ್ನೆಯಲ್ಲಿ ಎರಡು ಹೆದರಿಕೆ ಕಲೆತುಕೊಂಡಿವೆ. ಕಾಗದ ಕಳೆದುಹೋದೀತು ಎಂಬುದು ಒಂದು. ಕಾಗದವನ್ನು ಯಾರಾದರೂ ನೋಡಿಯಾರು ಎಂಬುದು ಇನ್ನೊಂದು. ನೋಡಬಾರದು ಎನ್ನುವುದಕ್ಕೆ ತಿಜೋರಿ ಚಲೋ. ಕಳೆಯಬಾರದು ಎನ್ನುವುದಕ್ಕೆ ಅಷ್ಟಕ್ಕಷ್ಟೇ. ಕ್ಲೌಡ್, ಅಂದರೆ ನಿಮ್ಮ ಮಗ ಹೇಳುವ ಗೂಗಲ್ ಡ್ರೈವ್‌ನಂಥ ಇಂಟರ್ನೆಟ್ ಮೇಲಿನ ಜಾಗ, ಇದರ ಉಲ್ಟಾ.

ನನ್ನ ತವರು ಹಳೆ ಬಾಗಲಕೋಟೆ. ಆಲಮಟ್ಟಿ ಹಿನ್ನೀರು ಬರುತ್ತದೆ ಎಂದು ಮನೆ ಬಿಟ್ಟು ನವನಗರಕ್ಕೆ ಹೊರಟಾಗ ಅಪ್ಪ ಮೊದಲು ಹೊರಿಸಿದ್ದು ಭಾಂಡೆ ಸಾಮಾನನ್ನಲ್ಲ. ಒಂದು ಹಸಿರು ತಗಡಿನ ಟ್ರಂಕನ್ನು. ಪರಿಹಾರದ ಕಾಗದ, ಮನೆಯ ಉತಾರ, ಅಜ್ಜನ ಸಹಿ ಇದ್ದ ಸ್ಟಾಂಪ್ ಪೇಪರು, ಎಲ್ಲ ಅದರಲ್ಲಿತ್ತು. ಕೀಲಿಕೈ ಅಪ್ಪನ ಕಿಸೆಯಲ್ಲಿ. ಅವ್ವನಿಗೂ ಮುಟ್ಟಲು ಬಿಟ್ಟಿರಲಿಲ್ಲ. ಮೂರು ವರ್ಷ ಬಿಟ್ಟು ತೆರೆದರೆ, ತುಕ್ಕು ತಿಂದ ತಳದಿಂದ ಒರಲೆ ಹೊಕ್ಕು ಕೆಳಗಿನ ಕಟ್ಟನ್ನು ಹಿಟ್ಟು ಮಾಡಿತ್ತು. ಕೀಲಿ ಮಾತ್ರ ಹಾಕಿದ ಹಾಗೇ ಇತ್ತು.

2019ರ ಆಗಸ್ಟ್ ನಿಮಗೂ ನೆನಪಿರಬೇಕು. ಘಟಪ್ರಭೆ, ಮಲಪ್ರಭೆ, ಕೃಷ್ಣೆ ಒಟ್ಟಿಗೇ ಉಕ್ಕಿದವು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿತು. ಆಮೇಲೆ ಒಂದು ದಿನ ತವರಿಗೆ ಹೋಗಿದ್ದೆ. ಹೊಳೆದಂಡೆಯ ಊರಿನ ನೆಂಟರು ನಮ್ಮ ಅಣ್ಣನ ಮನೆ ಮಾಳಿಗೆ ಮೇಲೆ ಕಾಗದ ಒಣಹಾಕಿದ್ದರು. ಒಂದೊಂದರ ಮೇಲೆ ಒಂದೊಂದು ಹರಳು. ಹತ್ತನೇ ಈಯತ್ತೆಯ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಹರಿದು ನೀಲಿ ಕಲೆಯಾಗಿತ್ತು. ಅವರ ಕಾಗದಕ್ಕೆ ಯಾರ ಕಣ್ಣೂ ಬಿದ್ದಿರಲಿಲ್ಲ. ನೀರು ಬಿತ್ತು.

ಇನ್ನು ನೋಡುವವರ ಮಾತು. ಕ್ಲೌಡ್ ಎಂದರೆ ಬೇರೆ ಯಾರದೋ ಕಂಪ್ಯೂಟರು, ಅಷ್ಟೇ. ದೊಡ್ಡ ಗೋದಾಮಿನಂಥ ಕಟ್ಟಡ, ಸಾಲುಸಾಲು ಯಂತ್ರ, ಹಗಲುರಾತ್ರಿ ಏಸಿ. ಊರಿಲ್ಲ ಎಂದಿರಲ್ಲ, ಊರೂ ಇದೆ. ದೊಡ್ಡ ಕಂಪನಿಗಳು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಕಡೆ ಇಂಥ ಕೇಂದ್ರ ಇಟ್ಟುಕೊಂಡಿವೆ. ಆದರೆ ನಿಮ್ಮ ಫೈಲು ಅಲ್ಲೇ ಇರುತ್ತದೆ ಎಂದೇನಿಲ್ಲ, ಕಡಲಾಚೆಯೂ ಇದ್ದೀತು. ಅದನ್ನು ಓದಲು ಬಾರದ ಹಾಗೆ ಕಲಸಿಟ್ಟಿರುತ್ತಾರೆ. ಇದಕ್ಕೇ ಎನ್‌ಕ್ರಿಪ್ಷನ್ ಎನ್ನುವುದು. ನಡುವೆ ಕದ್ದವನಿಗೆ ಅಕ್ಷರ ಸಿಗುವುದಿಲ್ಲ. ಆದರೆ ಅದನ್ನು ಬಿಡಿಸುವ ಕೀಲಿಕೈ ಸಾಮಾನ್ಯವಾಗಿ ಕಂಪನಿಯ ಬಳಿಯೇ ಇರುತ್ತದೆ. ನೀವು ಪಾಸ್‌ವರ್ಡ್ ಮರೆತರೆ ಹೊಸದು ಕೊಟ್ಟು ಒಳಗೆ ಬಿಡುತ್ತಾರಲ್ಲ, ಅದು ಸಾಧ್ಯವಾಗುವುದೇ ಅದರಿಂದ. ಕೋರ್ಟು, ಪೊಲೀಸರು ಕಾನೂನು ಪ್ರಕಾರ ಕೇಳಿದರೆ ತೆರೆದು ಕೊಡಬೇಕಾಗುವುದೂ ಅದರಿಂದಲೇ.

ಮನುಷ್ಯರು ಕೂತು ನಿಮ್ಮ ಉತಾರ ಓದುವುದಿಲ್ಲ. ಯಂತ್ರ ಮಾತ್ರ ಕೆಲವನ್ನು ತಡಕುತ್ತದೆ. 2022ರಲ್ಲಿ ಅಮೆರಿಕದ ಒಬ್ಬ ತಂದೆಯ ಕತೆ ಸುದ್ದಿಯಾಯಿತು. ಮಗುವಿನ ಗುಪ್ತಾಂಗಕ್ಕೆ ಆದ ಬಾವನ್ನು ಡಾಕ್ಟರಿಗೆ ತೋರಿಸಲು ಫೋಟೋ ತೆಗೆದಿದ್ದ. ಅದು ತಾನಾಗೇ ಗೂಗಲ್‌ಗೆ ಏರಿತು. ಯಂತ್ರ ಅದನ್ನು ಕೆಟ್ಟ ಫೋಟೋ ಎಂದು ತಿಳಿಯಿತು. ಪೊಲೀಸರು ತಪ್ಪಿಲ್ಲ ಎಂದರೂ ಅವನ ಖಾತೆ ವಾಪಸ್ ಬರಲಿಲ್ಲ. ಮೇಲ್, ಫೋಟೋ, ಎಲ್ಲ ಹೋಯಿತು. ನನಗೆ ಈ ಕತೆಯಲ್ಲಿ ನೋಡಿದ್ದಕ್ಕಿಂತ ಕಳೆದದ್ದೇ ದೊಡ್ಡದಾಗಿ ಕಾಣುತ್ತದೆ.

ಮಗ ನಿಮ್ಮ ಸಂಶಯಕ್ಕೆ ನಕ್ಕರೆ ಒಂದು ಮಾತು ಹೇಳಿ. ಆಧಾರ್ ವಿಷಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವಯಸ್ಸು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು, ಖಾಸಗಿತನ ಮೂಲಭೂತ ಹಕ್ಕು ಎಂದರು. ವಯಸ್ಸಾದವರ ಸಂಶಯದಿಂದ ದೇಶಕ್ಕೆ ಲಾಭವೇ ಆಗಿದೆ.

ಈಗ ನಿಮ್ಮ ಪಟ್ಟಿಗೆ ಬರೋಣ. ಉತಾರ ಯಾವಾಗ ಬೇಕಾದರೂ ಸರ್ಕಾರದ 'ಭೂಮಿ' ವೆಬ್‌ಸೈಟಿನಿಂದ ಸಿಗುತ್ತದೆ. ಅದಕ್ಕೆ ಒದ್ದಾಡಬೇಡಿ. ಖರೀದಿ ಪತ್ರದ ಮೂಲ ತಿಜೋರಿಯಲ್ಲೇ ಇರಲಿ. ಡ್ರೈವ್‌ನಲ್ಲಿರುವ ಫೋಟೋ ಮೂಲಕ್ಕೆ ಸಮವಲ್ಲ. ಆದರೆ ಮೂಲ ಹೋದರೆ ನೋಂದಣಿ ನಂಬರು, ತಾರೀಖು ಅದರಿಂದ ಸಿಗುತ್ತದೆ. ಅದನ್ನು ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ತೆಗೆಸಬಹುದು. ಡಿಜಿಲಾಕರ್ ಬೇರೆ ಲೆಕ್ಕ. ಕಾಗದ ಇಡುವ ಈ ಆ್ಯಪನ್ನು 2015ರಿಂದ ಸರ್ಕಾರವೇ ನಡೆಸುತ್ತಿದೆ. ಅಲ್ಲಿ ಇಲಾಖೆಯಿಂದ ನೇರ ಬಂದ ಆಧಾರ್, ಡ್ರೈವಿಂಗ್ ಲೈಸೆನ್ಸ್, ಮಾರ್ಕ್ಸ್ ಕಾರ್ಡಿಗೆ ಮೂಲದಷ್ಟೇ ಬೆಲೆ. ನೀವೇ ಸ್ಕ್ಯಾನ್ ಮಾಡಿ ಹಾಕಿದ್ದಕ್ಕೆ ಆ ಬೆಲೆ ಇಲ್ಲ. ಅದು ಸುಮ್ನೆ ಒಂದು ಫೋಟೋ. ಜನ ಎರಡನ್ನೂ ಒಂದೇ ಎಂದು ತಿಳಿದು ಕಚೇರಿಯಲ್ಲಿ ಜಗಳ ಮಾಡುತ್ತಾರೆ.

ಪೆನ್ಶನ್ ಕಾಗದ, ವಿಮೆ ಬಾಂಡು ಧಾರಾಳವಾಗಿ ಹಾಕಿ. ಎಟಿಎಂ ಪಿನ್ ಬರೆದಿಟ್ಟ ಡೈರಿ ಪುಟದ ಫೋಟೋ ಮಾತ್ರ ಬೇಡ. ಅಂಥದ್ದನ್ನು ಅಂಗಡಿಗೆ ತಂದು ನನಗೇ ತೋರಿಸುವವರು ಇದ್ದಾರೆ.

ಪ್ರಶ್ನೆ: ಅಕ್ಕಾರೆ, 'ಸ್ಟೋರೇಜ್ ಫುಲ್' ಎಂದು ದಿನಾ ಬರುತ್ತದೆ. ರೊಕ್ಕ ಕಟ್ಟು ಎನ್ನುತ್ತದೆ. ಜಾಗ ಮಾಡೋಣ ಎಂದು ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಫೋನಿನಿಂದಲೂ ಹೋದವು. ಇದೇನು ಆಟ?
— ಗೃಹಿಣಿ, ಇಳಕಲ್

ಉತ್ತರ: ಮೊದಲು ಹೋದವುಗಳ ಮಾತು. ಆ ಆ್ಯಪ್‌ನಲ್ಲಿ ಕಸದ ಬುಟ್ಟಿ ಇದೆ, ತೆರೆಯಿರಿ. ಮೇಲೆ ಏರಿಸಿದ ಫೋಟೋ ಅಲ್ಲಿ 60 ದಿನ ಇರುತ್ತದೆ. ಈ ಪತ್ರಿಕೆ ಕೆಳಗಿಟ್ಟು ಈಗಲೇ ನೋಡಿ. ಉಳಿದದ್ದನ್ನು ಆಮೇಲೆ ಓದಿ.

ಸಿಕ್ಕವಾ? ಆಯಿತು. ನಿಮಗೆ ಆದದ್ದು ಎಲ್ಲರಿಗೂ ಆಗುವ ಎಡವಟ್ಟು. ಫೋನಿನಲ್ಲಿ ಒಂದು ಪ್ರತಿ, ಗೂಗಲ್‌ನಲ್ಲಿ ಇನ್ನೊಂದು ಪ್ರತಿ ಎಂದು ನಾವು ತಿಳಿಯುತ್ತೇವೆ. ಆ್ಯಪ್ ಎರಡನ್ನೂ ಒಂದೇ ಎಂದು ತಿಳಿಯುತ್ತದೆ. ಒಂದು ಕಡೆ ಅಳಿಸಿದರೆ ಎರಡೂ ಕಡೆ ಹೋಗುತ್ತದೆ. ಫೋನಿನಲ್ಲಿ ಮಾತ್ರ ಜಾಗ ಬೇಕಿದ್ದರೆ ಅದಕ್ಕೆ ಬೇರೆ ಬಟನ್ ಇದೆ, 'ಫ್ರೀ ಅಪ್ ಸ್ಪೇಸ್' ಎಂದು. ಅದನ್ನು ಒತ್ತಿ.

ಜಾಗದ ವಿಷಯ ಹೀಗಿದೆ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ. ಒಂದೇ ಹಗೇವು, ಮೂರು ಮನೆಯವರ ಜೋಳ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದರಲ್ಲೇ. ಮೊದಲು ಫೋಟೋ ಸ್ವಲ್ಪ ಸಣ್ಣದು ಮಾಡಿ ಹಾಕಿದರೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. 2021ರ ಜೂನ್ 1ರಿಂದ ಅದನ್ನು ನಿಲ್ಲಿಸಿದರು. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಇದೇ ಹಗೇವಿಗೆ ಬಂತು. ಪುಕ್ಕಟೆ ಕೊಟ್ಟು ರೂಢಿ ಹಿಡಿಸಿ ಆಮೇಲೆ ಬಿಲ್ ಕೊಡುವ ವ್ಯಾಪಾರ ನಮಗೇನು ಹೊಸದಲ್ಲ. ಬ್ಯಾರೆ ಕಡೆ ಹೋದರೂ ಪುಕ್ಕಟೆ ಜಾಗ ಇನ್ನೂ ಕಡಿಮೆ. ಆ್ಯಪಲ್‌ನದು 5, ಮೈಕ್ರೋಸಾಫ್ಟ್‌ನದು 5, ಡ್ರಾಪ್‌ಬಾಕ್ಸ್‌ನದು 2 ಜಿಬಿ.

ನನ್ನ ಅಂಗಡಿಗೆ ಬಂದವರ ಫೋನು ನೋಡಿದಾಗೆಲ್ಲ ಅರ್ಧಕ್ಕರ್ಧ ತುಂಬಿರುವುದು ಶುಭೋದಯದ ವಿಡಿಯೋ. ವಾಟ್ಸ್ಆ್ಯಪ್ ಬ್ಯಾಕಪ್‌ನಲ್ಲಿ 'ವಿಡಿಯೋ ಸೇರಿಸಿ' ಎಂಬುದನ್ನು ಆಫ್ ಮಾಡಿ. ಡ್ರೈವ್‌ನಲ್ಲಿ ದೊಡ್ಡ ಫೈಲು ಮೊದಲು ಕಾಣುವ ಹಾಗೆ ಜೋಡಿಸಿ, ಬೇಡದ್ದನ್ನು ತೆಗೆಯಿರಿ. ಇದನ್ನು ಮುಂದೆ ಹಾಕಬೇಡಿ. ಜಾಗ ಪೂರ್ತಿ ತುಂಬಿದರೆ ಜಿಮೇಲ್‌ಗೆ ಮೇಲ್ ಬರುವುದೇ ನಿಲ್ಲುತ್ತದೆ. ಮಗಳ ಕಾಲೇಜಿನ ಪತ್ರ ಬರದೆ ಒದ್ದಾಡಿದವರು ನಮ್ಮ ಓಣಿಯಲ್ಲೇ ಇದ್ದಾರೆ.

ಇಷ್ಟು ಮಾಡಿದ ಮೇಲೂ ಫೋಟೋಗಳೇ ತುಂಬಿದ್ದರೆ ರೊಕ್ಕ ಕಟ್ಟಿ, ತಪ್ಪಿಲ್ಲ. ಇಳಕಲ್ ಸೀರೆಗೆ ಫಾಲ್ ಹಚ್ಚಲು ಕೊಡುತ್ತೀರಲ್ಲ, ಹಾಗೆಂದುಕೊಳ್ಳಿ.

ಪ್ರಶ್ನೆ: ಅಕ್ಕಾ, ನಾನು ವಿಜಯಪುರದಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದೇನೆ. ಸ್ಕಾಲರ್‌ಶಿಪ್ ಅರ್ಜಿಯ ಪ್ರಿಂಟ್ ತೆಗೆಸಲು ಒಂದು ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ ಜಿಮೇಲ್ ತೆರೆದೆ. ಗದ್ದಲದಲ್ಲಿ ಲಾಗೌಟ್ ಮಾಡಲು ಮರೆತೆ. ನನ್ನ ಫೋಟೋ, ಅಪ್ಪನ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಡ್ರೈವ್‌ನಲ್ಲಿವೆ. ಎರಡು ದಿನದಿಂದ ನಿದ್ದೆ ಬರುತ್ತಿಲ್ಲ.
— ವಿದ್ಯಾರ್ಥಿನಿ, ವಿಜಯಪುರ

ಉತ್ತರ: ತಂಗಿ, ಆ ಅಂಗಡಿಗೆ ವಾಪಸ್ ಹೋಗುವುದು ಬೇಡ. ನಿನ್ನ ಫೋನಿನಲ್ಲೇ ಆಗುತ್ತದೆ. ಗೂಗಲ್ ಖಾತೆ ತೆರೆದು 'ಭದ್ರತೆ'ಗೆ ಹೋಗು. ಅಲ್ಲಿ 'ನಿಮ್ಮ ಸಾಧನಗಳು' ಎಂದಿದೆ. ನಿನ್ನದಲ್ಲದ ಕಂಪ್ಯೂಟರ್ ಕಂಡರೆ ಅದನ್ನು ಒತ್ತಿ ಸೈನ್ ಔಟ್ ಮಾಡು. ಆಮೇಲೆ ಪಾಸ್‌ವರ್ಡ್ ಬದಲಿಸು. ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತೂ ಕೇಳುವುದು, ಆನ್ ಮಾಡು. ವಾಟ್ಸ್ಆ್ಯಪ್ ವೆಬ್ ಕೂಡ ತೆರೆದಿದ್ದರೆ ಫೋನಿನ ವಾಟ್ಸ್ಆ್ಯಪ್‌ನಲ್ಲಿ 'ಲಿಂಕ್ ಆದ ಸಾಧನಗಳು' ನೋಡಿ ಅದನ್ನೂ ಕಿತ್ತುಹಾಕು. ಐದು ನಿಮಿಷದ ಕೆಲಸ. ಇವತ್ತು ರಾತ್ರಿ ನಿದ್ದೆ ಮಾಡು.

ಈಗ ಕೌಂಟರಿನ ಈಚೆ ಕೂತವಳ ಮಾತು ಕೇಳು. ಕ್ಲೌಡ್ ಕಂಪನಿ ಏನು ಕದಿಯುತ್ತದೋ ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ನನ್ನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಏನಿದೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. "ಅಕ್ಕಾರ, ಲಗೂನ ಒಂದ್ ಪ್ರಿಂಟ್ ತೆಗೀರಿ, ಬಸ್ ಹೊಂಟೈತಿ" ಎಂದು ಆಧಾರ್ ಕಳಿಸುತ್ತಾರೆ. ಎರಡು ರೂಪಾಯಿ ಕೊಟ್ಟು ಹೋಗುತ್ತಾರೆ. ಆಧಾರ್ ಇಲ್ಲೇ ಉಳಿಯುತ್ತದೆ.

ಕೆಲವು ವರ್ಷದ ಹಿಂದೆ ನನ್ನ ಅಂಗಡಿಯಲ್ಲೇ ಒಂದು ಘಟನೆ ಆಯಿತು. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಒಬ್ಬ ಹುಡುಗ ತನ್ನ ಮಾರ್ಕ್ಸ್ ಕಾರ್ಡ್ ಪ್ರಿಂಟ್ ತೆಗೆಸಲು ಬಂದ. ನಾನು ಫೋಲ್ಡರ್ ತೆರೆದೆ. ಅವನ ಹಿಂದೆ ನಿಂತವರ ಕಣ್ಣು ಪರದೆ ಮೇಲೆ. ಹಿಂದಿನ ದಿನ ಬಂದಿದ್ದ ಒಬ್ಬ ಹೆಣ್ಣುಮಗಳ ಆಸ್ಪತ್ರೆ ರಿಪೋರ್ಟು ಅಲ್ಲೇ ತೆರೆದುಕೊಂಡಿತು. ನಿಂತವರಲ್ಲಿ ಅವಳ ಓಣಿಯವರೇ ಒಬ್ಬರಿದ್ದರು. ಅವಳು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಯಾವ ಹ್ಯಾಕರೂ ಇರಲಿಲ್ಲ ಅಲ್ಲಿ. ನಾನೇ ಇದ್ದೆ. ಅವತ್ತಿನಿಂದ ದಿನಾ ಸಂಜೆ ಶಟರ್ ಎಳೆಯುವ ಮುಂಚೆ ಆ ಫೋಲ್ಡರನ್ನೂ ಕಸದ ಬುಟ್ಟಿಯನ್ನೂ ಖಾಲಿ ಮಾಡುತ್ತೇನೆ. ಪರದೆಯನ್ನು ನನ್ನ ಕಡೆ ತಿರುಗಿಸಿದ್ದೇನೆ.

ಅಪ್ಪನ ಆಧಾರ್ ಬಗ್ಗೆ ಇನ್ನೊಂದು ಮಾತು. 'ಮಾಸ್ಕ್ಡ್ ಆಧಾರ್' ಎಂದು ಸಿಗುತ್ತದೆ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಪೂರ್ತಿ ನಂಬರೇ ಬೇಕು ಎಂದು ಕೇಳದ ಕಡೆ ಅದನ್ನೇ ಕೊಡು. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ನೆಮ್ಮದಿಯಿಂದ ಇರಬೇಡ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ. ಇಷ್ಟೇ ಪಾಸ್‌ವರ್ಡ್. ಊರಿಗೆಲ್ಲ ಗೊತ್ತಿರುವಂಥದ್ದು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯಿಂದ, ಆಧಾರ್ ಝರಾಕ್ಸ್ ಕಂಡಕಂಡವರಿಗೆ ಕೊಡಬೇಡಿ ಎಂದು ಪ್ರಕಟಣೆ ಬಂತು. ಜನ ಗಾಬರಿಯಾದರು ಎಂದು ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆದರು. ವ್ಯಾಪಾರ ಉಳಿಯಿತು ಎಂದು ನಾನು ಖುಷಿಪಟ್ಟೆ. ಆದರೆ ಆ ಮಾತು ಖರೆ ಇತ್ತು.

ಮುಂದಿನ ಸಲ ಅಂಗಡಿಯಲ್ಲಿ ಜಿಮೇಲ್ ತೆರೆಯಲೇಬೇಡ. ಬೇಕಾದ ಒಂದೇ ಫೈಲನ್ನು ಫೋನಿನಿಂದ ಕಳಿಸು. ಪ್ರಿಂಟ್ ಆದ ಮೇಲೆ "ಅಕ್ಕಾರ, ಡಿಲೀಟ್ ಮಾಡ್ರಿ" ಎಂದು ನಿಂತು ನೋಡು. ಸಿಟ್ಟಾಗುವ ಅಂಗಡಿಯವರಾದರೆ ಅಂಗಡಿ ಬದಲಿಸು.

ಪ್ರಶ್ನೆ: ನಮ್ಮ ಗೋಲಗುಂಬಜದ ಮಾಳಿಗೆಯಲ್ಲಿ ಪಿಸುಗುಟ್ಟಿದರೆ ಆಚೆ ಬದಿಯವರಿಗೂ ಕೇಳುತ್ತದೆ. ಡ್ರೈವ್‌ನಲ್ಲಿ ಇಟ್ಟದ್ದೂ ಹಾಗೇನಾ?
— ಆಟೋ ಚಾಲಕರು, ವಿಜಯಪುರ

ಉತ್ತರ: ಈ ಹೋಲಿಕೆ ಕೊಟ್ಟವರಲ್ಲಿ ನೀವು ಮೂರನೆಯವರು. ವಿಜಯಪುರದವರಿಗೆ ಬೇರೆ ಏನೂ ಹೊಳೆಯುವುದೇ ಇಲ್ವಾ ಅಣ್ಣಾ?

ಇಲ್ಲ, ಸುಮ್ನೆ ಇಟ್ಟದ್ದು ಯಾರಿಗೂ ಕೇಳುವುದಿಲ್ಲ. ಆದರೆ ಫೈಲ್ ಹಂಚುವಾಗ 'ಲಿಂಕ್ ಹೊಂದಿರುವ ಯಾರಾದರೂ' ಎಂದು ಒತ್ತಿದಿರೋ, ಗುಂಬಜ ಹತ್ತಿದ ಹಾಗೇ. ಲಿಂಕ್ ಗ್ರೂಪಿನಿಂದ ಗ್ರೂಪಿಗೆ ಹೋಗುತ್ತದೆ. ತೆರೆದವರು ಯಾರು ಎಂದೂ ನಿಮಗೆ ತಿಳಿಯುವುದಿಲ್ಲ. ಬೇಕಾದವರ ಇಮೇಲ್ ಹಾಕಿ ಅವರಿಗೆ ಮಾತ್ರ ಹಂಚಿ. ಹಳೆಯ ಲಿಂಕುಗಳನ್ನು ಒಮ್ಮೆ ತೆರೆದು ನೋಡಿ ಬಂದ್ ಮಾಡಿ.

ಪ್ರಶ್ನೆ: ನಾನು ದಂತವೈದ್ಯ. ರೋಗಿಗಳ ಎಕ್ಸ್‌ರೇ, ಹೆಸರು, ಫೋನ್ ನಂಬರ್ ಎಲ್ಲ ನನ್ನ ಸ್ವಂತ ಡ್ರೈವ್‌ನಲ್ಲಿ ಇಡುತ್ತೇನೆ. ಮನೆಯಿಂದಲೇ ನೋಡಬಹುದು, ತುಂಬಾ ಅನುಕೂಲ. ಸರಿಯೇ?
— ವೈದ್ಯರು, ಬೆಳಗಾವಿ

ಉತ್ತರ: ಅನುಕೂಲ ನಿಮ್ಮದು ಡಾಕ್ಟ್ರೇ, ಹಲ್ಲು ಅವರದು. ನನ್ನ ಫೋಟೋ ನಾನು ಎಲ್ಲಿಟ್ಟರೂ ನನ್ನ ಇಷ್ಟ. ಇನ್ನೊಬ್ಬರ ಕಾಗದಕ್ಕೆ ಆ ಮಾತು ಹೊಂದುವುದಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಬೇರೆಯವರ ವಿವರ ಇಟ್ಟುಕೊಂಡವರು ಅದನ್ನು ಜೋಪಾನ ಮಾಡಬೇಕು, ಸೋರಿದರೆ ತಿಳಿಸಬೇಕು ಎಂಬುದು ಅದರ ತಿರುಳು. ಅದನ್ನು ನಿಮ್ಮ ವಕೀಲರ ಜೊತೆ ಕೂತು ಓದಿ.

ನನಗೆ ಗೊತ್ತಿರುವ ಕೈಕೆಲಸ ಇಷ್ಟು. ಮನೆಮಂದಿಯ ಮದುವೆ ಫೋಟೋ ಇರುವ ಖಾತೆಯಲ್ಲೇ ರೋಗಿಗಳದ್ದು ಬೇಡ. ಬೇರೆ ಖಾತೆ ಮಾಡಿ. ಫೈಲುಗಳನ್ನು ಮೇಲೆ ಏರಿಸುವ ಮುಂಚೆಯೇ ನಿಮ್ಮ ಕಂಪ್ಯೂಟರಿನಲ್ಲಿ ಕೀಲಿ ಹಾಕಿ. ಕ್ರಿಪ್ಟೋಮೇಟರ್ ಎಂಬ ತಂತ್ರಾಂಶ ಇದೆ, ಕಂಪ್ಯೂಟರಿಗೆ ಪುಕ್ಕಟೆ ಸಿಗುತ್ತದೆ. ಡ್ರೈವ್‌ನಲ್ಲಿ ಒಂದು ಪೆಟ್ಟಿಗೆ ಮಾಡಿಕೊಡುತ್ತದೆ. ಪೆಟ್ಟಿಗೆ ಇರುವುದು ಕಂಪನಿಯ ಮನೆಯಲ್ಲಿ, ಕೀಲಿಕೈ ನಿಮ್ಮ ಕಿಸೆಯಲ್ಲಿ. ಕಂಪನಿಗೆ ಕಾಣುವುದು ಅರ್ಥವಿಲ್ಲದ ಅಕ್ಷರ ಮಾತ್ರ. ವಾಟ್ಸ್ಆ್ಯಪ್ ಬ್ಯಾಕಪ್‌ಗೂ 2021ರಿಂದ ಇಂಥ ಕೀಲಿ ಇದೆ, ನಾವೇ ಆನ್ ಮಾಡಬೇಕು. ಪಾಸ್‌ವರ್ಡ್ ಇಟ್ಟುಕೊಳ್ಳಬಹುದು. ಬೇಡವೆಂದರೆ 64 ಅಕ್ಷರದ ಕೋಡ್ ಕೊಡುತ್ತದೆ.

ಒಂದೇ ಅಪಾಯ. ಈ ಕೀಲಿಕೈ ಕಳೆದರೆ ಬ್ರಹ್ಮ ಬಂದರೂ ತೆರೆಯುವುದಿಲ್ಲ. 'ಪಾಸ್‌ವರ್ಡ್ ಮರೆತಿರಾ?' ಎಂದು ಕೇಳಿ ಒಳಗೆ ಬಿಡುವವರು ಅಲ್ಲಿ ಯಾರೂ ಇರುವುದಿಲ್ಲ. ಮುಧೋಳದ ಗುರುಗಳ ತಿಜೋರಿಯ ಹಾಗೇ.

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಯಿತು. ಅವರ ಫೋನಿನ ಪ್ಯಾಟರ್ನ್ ಮಗನಿಗೆ ಗೊತ್ತಿದೆ. ಪಾಸ್‌ವರ್ಡ್ ಗೊತ್ತಿಲ್ಲ. ಮಕ್ಕಳು ಸಣ್ಣವರಿದ್ದಾಗಿನ ಫೋಟೋ ಎಲ್ಲ ಅವರ ಖಾತೆಯಲ್ಲೇ ಇವೆ. ಮೈದುನ ಆ ಫೋನನ್ನು ರೀಸೆಟ್ ಮಾಡಿ ಮಗನಿಗೆ ಕೊಡೋಣ ಎನ್ನುತ್ತಾನೆ. ಏನು ಮಾಡಲಿ?
— ಓದುಗರು, ಗೋಕಾಕ

ಉತ್ತರ: ರೀಸೆಟ್ ಬೇಡವೇ ಬೇಡ. ನಿಮ್ಮ ಮೈದುನನಿಗೆ ಈ ಸಾಲನ್ನು ತೋರಿಸಿ.

ಪ್ಯಾಟರ್ನ್ ಗೊತ್ತಿದೆ ಎಂದಿರಿ, ದೊಡ್ಡ ಅನುಕೂಲ. ಆ ಫೋನಿನಲ್ಲಿ ಅವರ ಖಾತೆ ಇನ್ನೂ ತೆರೆದೇ ಇರುತ್ತದೆ. ಅದನ್ನು ಸೈನ್ ಔಟ್ ಮಾಡಬೇಡಿ. ವೈಫೈ ಇರುವ ಮನೆಯಲ್ಲಿ ಕೂತು ಫೋಟೋಸ್ ಆ್ಯಪ್ ತೆರೆಯಿರಿ. ಮೇಲಿರುವ ಹಳೆಯ ಫೋಟೋಗಳನ್ನು ಫೋನಿಗೆ ಇಳಿಸಿ, ಫೋನಿನಿಂದ ಹಾರ್ಡ್‌ಡಿಸ್ಕಿಗೆ ಹಾಕಿ. ಒಂದೇ ದಿನಕ್ಕೆ ಮುಗಿಯಲಿಕ್ಕಿಲ್ಲ. ವರ್ಷ ವರ್ಷದ ಹಾಗೆ ಇಳಿಸಿ. ನಡುವೆ ಅಳು ಬಂದರೆ ಅವತ್ತಿಗೆ ಸಾಕು ಮಾಡಿ.

ಸಿಮ್ ಬಂದ್ ಆಗಲು ಬಿಡಬೇಡಿ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ಒಟಿಪಿ ಆ ಅಪರಿಚಿತರಿಗೆ ಹೋಗುತ್ತದೆ. ಮರಣ ಪ್ರಮಾಣಪತ್ರ ತೆಗೆದುಕೊಂಡು ಹೋಗಿ ನಂಬರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಫೋನೇ ಕೆಟ್ಟರೂ ದಾರಿ ಇದೆ. ತೀರಿಕೊಂಡವರ ಖಾತೆಯ ಬಗ್ಗೆ ಮನೆಯವರು ಅರ್ಜಿ ಹಾಕಲು ಗೂಗಲ್ ಒಂದು ಫಾರಂ ಇಟ್ಟಿದೆ. ಪಾಸ್‌ವರ್ಡ್ ಕೊಡುವುದಿಲ್ಲ. ಕಾಗದ ಪರಿಶೀಲಿಸಿ, ಒಪ್ಪಿಗೆಯಾದರೆ ಒಳಗಿನ ಫೋಟೋ ಕೊಡಬಹುದು. ಆದರೆ ನಿಧಾನ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅಳಿಸುವ ನಿಯಮವೂ ಗೂಗಲ್‌ಗಿದೆ, 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದ್ದಾರೆ. ಹಾಗಾಗಿ "ಆಮೇಲೆ ನೋಡೋಣ" ಎಂದು ಟ್ರಂಕಿನಲ್ಲಿಡಬೇಡಿ.

ಅವರ ಚಾಟ್, ಮೇಲ್ ಓದಬೇಕೇ ಬೇಡವೇ ಎಂದು ನೀವು ಕೇಳಿಲ್ಲ. ನನ್ನ ಅತ್ತಿಗೆ ಕೇಳಿದ್ದಳು. ಫೋಟೋ ಇಳಿಸಿಕೊಂಡ ಮೇಲೆ ಅವಳು ಉಳಿದದ್ದನ್ನು ತೆರೆಯಲಿಲ್ಲ. "ಅವರ ಕಿಸೆಗೆ ನಾ ಎಂದೂ ಕೈ ಹಾಕಿಲ್ಲ" ಎಂದಳು. ಅದು ಅವಳ ತೀರ್ಮಾನ.

ಬೇರೆ ಓದುಗರಿಗೂ ಇಲ್ಲೇ ಹೇಳಿಬಿಡುತ್ತೇನೆ. ಗೂಗಲ್ ಖಾತೆಯಲ್ಲಿ 'ನಿಷ್ಕ್ರಿಯ ಖಾತೆ ನಿರ್ವಾಹಕ' ಎಂಬುದಿದೆ. ಹೆಸರು ಕೇಳಿದರೆ ಸರ್ಕಾರಿ ಹುದ್ದೆಯ ಹಾಗಿದೆ. ಕೆಲಸ ಮಾತ್ರ ಚಲೋ. ನೀವು ಇಷ್ಟು ತಿಂಗಳು ಖಾತೆ ಮುಟ್ಟದಿದ್ದರೆ ಇಂಥವರಿಗೆ ಇಂಥದ್ದು ಸಿಗಲಿ ಎಂದು ಬರೆದಿಡಬಹುದು. 3 ತಿಂಗಳಿಂದ 18 ತಿಂಗಳವರೆಗೆ ಗಡುವು, ಹತ್ತು ಜನರ ಹೆಸರು. ಐಫೋನಿನವರಿಗೆ 'ಲೆಗಸಿ ಕಾಂಟ್ಯಾಕ್ಟ್' ಇದೆ. ಗಂಡ ಹೆಂಡತಿ ಒಂದು ಭಾನುವಾರ ಕೂತು ಮಾಡಿಕೊಳ್ಳಿ. ಅಪಶಕುನ ಎಂದು ಮುಖ ತಿರುವಬೇಡಿ. ವಿಮೆಗೆ ನಾಮಿನಿ ಬರೆಸುವುದಿಲ್ವಾ?

ಪ್ರಶ್ನೆ: ಕಂಪನಿಯ ಗೋದಾಮಿಗೇ ಬೆಂಕಿ ಬಿದ್ದರೆ?
— ಮಗ್ಗದ ಕೆಲಸಗಾರ, ಬನಹಟ್ಟಿ

ಉತ್ತರ: ಬಿದ್ದಿದೆ ತಮ್ಮಾ. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಇಂಥ ಒಂದು ಕಟ್ಟಡ ಸುಟ್ಟುಹೋಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ್ದೇ ಕೇಂದ್ರಕ್ಕೆ ಬೆಂಕಿ ಬಿತ್ತು. ನೌಕರರು ಕಡತ ಇಡುತ್ತಿದ್ದ ಕ್ಲೌಡ್‌ನ 858 ಟೆರಾಬೈಟ್ (ಒಂದು ಟೆರಾಬೈಟ್ ಎಂದರೆ ಸುಮಾರು ಸಾವಿರ ಜಿಬಿ) ಹೋಯಿತು. ಬೇರೆ ಎಲ್ಲೂ ಪ್ರತಿ ಇಟ್ಟಿರಲಿಲ್ಲ. ಅಷ್ಟು ಮುಂದುವರಿದ ದೇಶ! ನಮ್ಮ ಅಪ್ಪನ ಟ್ರಂಕಿನ ತಪ್ಪನ್ನೇ ಅವರೂ ಮಾಡಿದ್ದರು.

ಕಂಪ್ಯೂಟರಿನವರು ಇದಕ್ಕೆ 3-2-1 ಎನ್ನುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. 2016ರಲ್ಲಿ ಒಂದು ಸಂಜೆ ಕರೆಂಟು ಹೋಗಿ, ಬಂದು, ಮತ್ತೆ ಹೋಯಿತು. ಅಂಗಡಿಯ ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಸುಮ್ಮನಾಯಿತು. ಮಗಳ ಮೊದಲ ಐದು ವರ್ಷದ ಫೋಟೋ ಅದರಲ್ಲೇ ಇತ್ತು. ನನಗೆ ಉಳಿದದ್ದು, ನಾದಿನಿಗೆ ಯಾವಾಗಲೋ ಇಮೇಲ್ ಮಾಡಿದ್ದ ಹದಿನಾಲ್ಕು ಫೋಟೋ.

ಈಗ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಕ್ಲೌಡ್‌ನಲ್ಲಿ. ಮೂರನೆಯದಕ್ಕೆ ಎರಡು ಹಾರ್ಡ್‌ಡಿಸ್ಕ್ ಇಟ್ಟಿದ್ದೇನೆ. ಪಂಚಮಿಗೆ ತವರಿಗೆ ಹೋಗುವಾಗ ಹೊಸದನ್ನು ಒಯ್ದು ಹಳೆಯದನ್ನು ತರುತ್ತೇನೆ. ಉಂಡಿ ಡಬ್ಬಿ ಒಂದು ಕೈಯಲ್ಲಿ, ಡಿಸ್ಕು ಇನ್ನೊಂದು ಕೈಯಲ್ಲಿ. ಅಣ್ಣ ಅದನ್ನು ಅದೇ ಹಸಿರು ಟ್ರಂಕಿನಲ್ಲಿ ಇಡುತ್ತಾನೆ. ತಳಕ್ಕೆ ಹೊಸ ತಗಡು ಹೊಡೆಸಿದ್ದಾನೆ. ಕೀಲಿ ಹಾಕುವುದನ್ನು ಬಿಟ್ಟಿದ್ದಾನೆ, ಕೀಲಿಕೈ ಎಲ್ಲಿಟ್ಟೆನೋ ನೆನಪಿಲ್ಲವಂತೆ.